ಗುರುಬಾಯಿಯ ಕೈಮೇಲಿನ ಚೇಳು

"ಮಮ್ಮಿ, ಗುರುಬಾಯಿ ಆಯಿ ಕೊಂದ ಮನಷ್ಯಾ ಈಗ ಎಲ್ಲಿ ಅದಾನ?"

ಐದು ವರ್ಷದ ಸ್ವರಾಲಿ ಹೀಗೆ ಕೇಳಿದಾಗ ಸ್ನೇಹಲ ಅವಳ ತಲೆ ಬಾಚುತ್ತಿದ್ದಳು. ಬಾಚಣಿಗೆ ಕೂದಲಲ್ಲೇ ನಿಂತಿತು. ನಾಲ್ಕು ಹೆಜ್ಜೆ ಆಚೆ ಬಚ್ಚಲಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಅದೇ ಗುರುಬಾಯಿ, ಸ್ನೇಹಲಳ ನಲವತ್ತೊಂದು ದಿನದ ಗಂಡುಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎರೆಯುತ್ತಿದ್ದಳು.

"ಏನಂದಿ? ಯಾರ ಹೇಳಿದ್ರು ನಿನಗ?"

"ನೀಲಾ ಕಾಕು ಮೊಬೈಲ್‌ನ್ಯಾಗ ತೋರಿಸಿದ್ಳು. ಆಯಿ ಗ್ಲಾಸಿನ್ಯಾಗ ವಿಷಾ ಹಾಕ್ತಾಳ. ಕೋಟು ಹಾಕ್ಕೊಂಡ ಕಾಕಾ ಕುಡೀತಾನ. ಮುಗೀತು. ಕಾಕಾ ಎಲ್ಲಿ ಹ್ವಾದ?"

"ಅದು ಸಿನಿಮಾ, ಪುಟ್ಟಾ. ಖರೇ ಅಲ್ಲ."

"ಆದ್ರ ಕೈ ಖರೇ ಅದಲ್ಲ? ಚೇಳು ಅದ."

ಒಳಗೆ ನೀರು ಸುರಿಯುವ ಸದ್ದು ನಿಂತಿತು. ಮತ್ತೆ ತಂಬಿಗೆ ಹಂಡೆಗೆ ತಾಗಿದ ಸದ್ದು, ಕೂಸಿನ ಅಳು, "ಆತು ಆತು ನನ್ನ ರಾಜಾ" ಎಂಬ ಗುರುಬಾಯಿಯ ದನಿ. ಸ್ನೇಹಲ ಮಗಳ ಜಡೆಯನ್ನು ಬೇಕಾದುದಕ್ಕಿಂತ ಬಿಗಿಯಾಗಿ ಹೆಣೆದು, ಅವಳನ್ನು ಸಾಲೆಯ ರಿಕ್ಷಾಕ್ಕೆ ಹತ್ತಿಸಿ ಬಂದಳು.

ಸೋಲಾಪುರದ ನವಿ ಪೇಠದ ಆ ಓಣಿಯಲ್ಲಿ ಕೂಸು ಹುಟ್ಟಿತೆಂದರೆ ಪೇಢೆ ಹಂಚುವುದಕ್ಕೆ ಮೊದಲು ಗುರುಬಾಯಿಗೆ ಹೇಳಿಕಳಿಸುವುದು ರೂಢಿ. ಅರವತ್ತೊಂಬತ್ತು ವಯಸ್ಸು, ಒಣ ಜೋಳದ ದಂಟಿನಂಥ ಮೈ. ಕೈಗಳು ಮಾತ್ರ ಬೇರೆ ಯಾರವೋ ತಂದು ಹಚ್ಚಿದ ಹಾಗೆ ಅಗಲ, ಮೆತ್ತಗೆ, ಎಣ್ಣೆಯಲ್ಲಿ ನೆನೆನೆನೆದು ಗೆರೆ ಅಳಿಸಿದ ಬೆರಳು. ಸ್ನೇಹಲಳ ಗಂಡ ಅವಿನಾಶನಿಗೆ ಎರೆದು ಬೆಳೆಸಿದವಳು ಅವಳೇ, ಸ್ವರಾಲಿಗೂ ಅವಳೇ. ಒಟ್ಟು ಎಷ್ಟು ಕೂಸುಗಳಿಗೆ ಎರೆದಿದ್ದೀ ಎಂದು ಕೇಳಿದರೆ, "ಕೂಸು ಎಣಸಬಾರದವ್ವಾ, ಅವೇನು ಉಳ್ಳಾಗಡ್ಡಿ ಏನು?" ಎನ್ನುತ್ತಿದ್ದಳು.

ಅವಳ ಕಾಯಿದೆಗಳು ಕಟ್ಟುನಿಟ್ಟು. ಎರೆಯುವಾಗ ಬಚ್ಚಲ ಬಾಗಿಲು ಮುಚ್ಚಿರಬೇಕು. ಗಾಳಿ ಸೋಕಬಾರದು, ಕಣ್ಣು ತಾಕಬಾರದು. ಯಾರೂ ನೋಡಬಾರದು, ತಾಯಿ ಕೂಡ. "ಹಡದಾಕಿ ಕಣ್ಣೇ ಮೊದಲ ತಾಕ್ತದ" ಎಂಬುದು ಅವಳ ಮಾತು. ಎರೆದಾದ ಮೇಲೆ ಕೂಸನ್ನು ಹಳೇ ಧೋತರದಲ್ಲಿ ಸುತ್ತಿ, ಸೆರಗಿನ ಗಂಟಿನಿಂದ ವಿಭೂತಿ ಗಟ್ಟಿ ತೆಗೆದು ಹಣೆಗೆ ಒಂದು ಗೆರೆ ಎಳೆಯುತ್ತಿದ್ದಳು. ಕೊನೆಗೆ ಗುಟ್ಟಿ: ಬಜೆ, ಅಳಲೆಕಾಯಿ, ಜಾಜಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇಯ್ದು, ಬೆರಳ ತುದಿಯಿಂದ ನಾಲಗೆಗೆ ಹಚ್ಚುವುದು. ಬಜೆ ಎರಡು ಸುತ್ತು ಎಂದರೆ ಎರಡೇ ಸುತ್ತು.

ಆ ಬಲಗೈಯ ಮಣಿಕಟ್ಟಿನ ಮೇಲೆ ಒಂದು ಹಚ್ಚೆಯ ಚೇಳು. ಅದಕ್ಕೆ ಬಾಲ ಅರ್ಧವೇ ಇತ್ತು. ಅಕ್ಕಲಕೋಟ ತಾಲೂಕಿನ ತವರಿನಲ್ಲಿ, ಏಳು ವರ್ಷದವಳಿದ್ದಾಗ, ಹಚ್ಚೆ ಹಾಕುವ ಹೆಂಗಸಿನ ಸೂಜಿಯಿಂದ ಕೈ ಕಿತ್ತುಕೊಂಡು ಜೋಳದ ಹೊಲಕ್ಕೆ ಓಡಿಹೋಗಿದ್ದಳಂತೆ. ಬಾಲ ಅಲ್ಲಿಗೇ ನಿಂತಿತು. "ಅದಕ್ಕ ಇದು ಕಡ್ಯಾಂಗಿಲ್ಲ, ಕೊಂಡೀನೇ ಇಲ್ಲ" ಎಂದು ಕೂಸುಗಳಿಗೆ ಹೇಳಿ ನಗಿಸುವಳು. ಅಂಥ ಚೇಳು ಇಡೀ ಸೋಲಾಪುರದಲ್ಲಿ ಇನ್ನೊಬ್ಬರ ಕೈಮೇಲೆ ಇರಲಿಲ್ಲ. ಈಗ ಅದೇ ಮುಳುವಾಗಿತ್ತು.

ರವಿವಾರ ಓಣಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ನಲವತ್ತು ಸೆಕೆಂಡಿನ ಒಂದು ತುಣುಕು ಬಂದಿತ್ತು. ಹಳೆಯ ಸಿನಿಮಾಗಳನ್ನು ಗುಜರಿಯಿಂದ ಹುಡುಕಿ ಯೂಟ್ಯೂಬಿಗೆ ಹಾಕುವ ಧನರಾಜ ಎಂಬುವನ ಚಾನೆಲ್ಲಿನದು. ಕಪ್ಪು ಬಿಳುಪು ಚಿತ್ರ. ಹೊಗೆ ತುಂಬಿದ ನೈಟ್‌ಕ್ಲಬ್ಬು, ಹಿಂದೆ ಪೀಪಿ ಬಾಜಾ, ಮೇಜಿನ ಮೇಲೆ ಒಂದು ಗ್ಲಾಸು. ಮಿಣಮಿಣ ತೋಳಿನ ಒಂದು ಹೆಣ್ಣುಕೈ ಮೆಲ್ಲನೆ ಒಳಗೆ ಬರುತ್ತದೆ. ಬಳೆ ಹಿಂದೆ ಸರಿಯುತ್ತದೆ, ಚೇಳು ಕಾಣುತ್ತದೆ. ಎರಡು ಬೆರಳ ನಡುವಿನಿಂದ ಬಿಳಿ ಪುಡಿ ಒಂದು ಕಣವೂ ಆಚೆ ಬೀಳದೆ ಗ್ಲಾಸಿಗೆ ಇಳಿಯುತ್ತದೆ. ಕೋಟಿನವನೊಬ್ಬ ಗ್ಲಾಸು ಎತ್ತುತ್ತಾನೆ. ಅಷ್ಟೇ.

ಮೊದಲ ದಿನ ಎಲ್ಲರೂ ನಕ್ಕರು. 'ನಮ್ಮ ಆಯಿ ಹೀರೋಯಿನ್' ಎಂದು ಪಕ್ಕದ ಮನೆಯ ನೀಲಾಬಾಯಿಯೇ ಬರೆದಳು. ಎರಡನೆಯ ದಿನ ಯಾರೋ, 'ಅಲ್ಲ, ಇದೇ ಕೈಲೆ ನಮ್ಮ ಕೂಸಿಗೆ ಗುಟ್ಟಿ ಹಾಕ್ತಾಳಲ್ಲ' ಎಂದು ಬರೆದರು. ಆಮೇಲೆ ಯಾರೂ ನಗುವ ಗೊಂಬೆ ಕಳಿಸಲಿಲ್ಲ.

ಗುರುಬಾಯಿಯ ಬಳಿ ಮೊಬೈಲೇ ಇರಲಿಲ್ಲ. ಅವಳಿಗೆ ತಿಳಿದದ್ದು ಇಷ್ಟೇ: ಆಚೆ ಓಣಿಯ ಮುಕ್ತಾಬಾಯಿ ಹೊಸ್ತಿಲಲ್ಲೇ ನಿಲ್ಲಿಸಿ "ನಾಳಿಂದ ಬರಬ್ಯಾಡ" ಅಂದಿದ್ದಳು, ಇನ್ನೊಂದು ಮನೆಯವರು ಬಾಗಿಲನ್ನೇ ತೆಗೆದಿರಲಿಲ್ಲ. ಈಗ ಉಳಿದದ್ದು ಸ್ನೇಹಲಳ ಮನೆ ಒಂದೇ.

ಅಂದು ಮಂಗಳವಾರ. ಗುಟ್ಟಿ ತೇಯುತ್ತ ಅವಳು ತಲೆ ಎತ್ತದೆ ಕೇಳಿದಳು. "ಸ್ನೇಹಲವ್ವಾ, ನನ್ನ ಕೈಲೆ ಏನರ ತಪ್ಪಾಗೇದೇನು? ಮುಕ್ತಾಬಾಯಿ ಮೊಮ್ಮಗಾ ಹೆಂಗ ಗುಂಡಗುಂಡಗ ಆಗಿದ್ದ. ಯಾಕ ಬ್ಯಾಡಂದ್ರು ಅಂತ ತಿಳೀವಲ್ದು. ನಿಮ್ಮ ಸ್ವರಾಲಿ ಮುಂಜಾನೆ ಏನೋ ಅಂದ್ಳಲ್ಲ, ನಾ ಒಳಗ ಕೇಳಿಸ್ಕೊಂಡೆ."

ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎನಿಸಿ ಸ್ನೇಹಲ ಮೊಬೈಲು ತೆಗೆದು ತೋರಿಸಿದಳು. ಮುದುಕಿ ಅಳುತ್ತಾಳೋ ಸಿಟ್ಟಾಗುತ್ತಾಳೋ ಎಂದು ಹೆದರಿದ್ದಳು. ಗುರುಬಾಯಿ ಕನ್ನಡಕ ಏರಿಸಿ ನೋಡಿದಳು, ಇನ್ನೊಮ್ಮೆ ಹಾಕು ಅಂದಳು, ಮೂರನೆಯ ಸಲ ನೋಡಿ ಬೊಚ್ಚುಬಾಯಿ ತುಂಬ ನಕ್ಕಳು.

"ಅಯ್ಯ! ನನ್ನ ಕೈ! ನೋಡವ್ವಾ, ಎಷ್ಟ ಎಳೀ ಇತ್ತು. ಒಂದ ನರಾ ಕಾಣಂಗಿಲ್ಲ."

ಆಮೇಲೆ ಹೇಳಿದಳು. ಆಗ ಅವಳಿಗೆ ಇಪ್ಪತ್ತೆರಡು. ಗಂಡ ಸಿದ್ಧರಾಮ ಸೋಲಾಪುರದ ಒಂದು ನೂಲಿನ ಗೋದಾಮಿನ ಪಹರೆಯವ. ಬರಿದಾಗಿದ್ದ ಆ ಗೋದಾಮನ್ನು ಸಿನಿಮಾದವರು ಹದಿನೈದು ದಿನಕ್ಕೆ ಹಿಡಿದರು. ಗೋಡೆಗೆ ಸೋಲಾಪುರಿ ಚಾದರ ತಿರುವಿ ಹೊಡೆದರು, ಅದೇ ಕ್ಲಬ್ಬಿನ ಪರದೆ. ಖಾಲಿ ಪೀಪಾಯಿಯ ಮೇಲೆ ಹಲಗೆ ಇಟ್ಟು ಮೇಜು. ಕುಣಿಯುವವರು ಎಂಟು ಜನ, ಕುಡಿಯುವವರು ಆರು ಜನ. ಕುಡಿಯುವುದು ಗುರುಬಾಯಿ ಕಾಸಿದ ಹಾಲಿಲ್ಲದ ಚಹಾ. ಸಿನಿಮಾದ ಹೆಸರು 'ರಾತ್ ಕಾ ಸಾತವಾ ಪ್ಯಾಲಾ'.

"ಆ ಹೀರೋಯಿನ್ ಬಾಯಿ ಭಾಳ ಚಂದ ಇದ್ದಳವ್ವಾ. ಆದ್ರ ಕೈ ನಡಗತಿತ್ತು. ಪುಡಿ ಹಾಕು ಅಂದ್ರ ಅರ್ಧ ಗ್ಲಾಸಿನ್ಯಾಗ, ಅರ್ಧ ಹಲಗಿ ಮ್ಯಾಲ. ರೀಲು ಮುಗ್ಯಾಕ ಬಂದಿತ್ತು, ಒಂದ ಸಲಕ್ಕ ಆಗೂವಷ್ಟ ಉಳದಿತ್ತಂತ. ಡೈರೆಕ್ಟರ್ ತಲಿ ಮ್ಯಾಲ ಕೈ ಇಟ್ಟು ಕುಂತ. ನಾ ಅಲ್ಲೇ ನನ್ನ ಮಗಳಿಗೆ ಗುಟ್ಟಿ ಹಾಕಾಕತ್ತಿದ್ದೆ. ಅಂವ ನನ್ನ ಬೆರಳನ್ನೇ ನೋಡಕೋತ ನಿಂತ. 'ಬಾಯಿ, ಜರಾ ಇಧರ್ ಆವ್' ಅಂದ."

"ಸಿದ್ಧರಾಮ ಅಜ್ಜಾರು ಬ್ಯಾಡ ಅನ್ನಲಿಲ್ಲೇನು?"

"ಅಂವನಾ? ನನಗಿಂತ ಮೊದಲ ಅಂವ ಕೈ ತೊಳಕೊಂಡ ನಿಂತಿದ್ದ." ಗುರುಬಾಯಿ ಮತ್ತೆ ನಕ್ಕಳು. "ಹೀರೋಯಿನ್ ಅಂಗಿ ತೋಳು ಇಷ್ಟೇ ನನಗ ಏರಿಸಿದ್ರು. ಚೇಳು ಕಂಡು ಡೈರೆಕ್ಟರ್ ಕುಣದಾಡಿದ, ಮುಚ್ಚಬ್ಯಾಡ್ರಿ ಇರ್ಲಿ ಅಂದ. ಮುಂದ ಇನ್ನೊಂದ ತ್ರಾಸ. ಪುಡಿ ಅಂತ ಮಾರೀಗೆ ಹಚ್ಚೂ ಪೌಡರ್ ತಂದಿದ್ರು. ಕುಡ್ಯಾಂವ ನಾ ಒಲ್ಲೆ ಅಂದ. ಅಂವಗ ನಾಕ ದಿನದಿಂದ ಹೊಟ್ಟಿ ಕೆಟ್ಟಿತ್ತು, ಪಾಪ. ಹಿಟ್ಟು ಹಾಕಿದ್ರ ಗಂಟಾಗಿ ತೇಲ್ತದ. ನಾ ಏನ ಮಾಡ್ದೆ, ಸೆರಗಿನ ಗಂಟು ಬಿಚ್ಚಿ ವಿಭೂತಿ ಪುಡಿ ಮಾಡಿ ಹಾಕ್ದೆ. ಹೊಟ್ಟ್ಯಾಗ ಹೋದ್ರ ಚೊಲೋದೇ ಅಲ್ಲ?"

ಸ್ನೇಹಲಳಿಗೂ ನಗು ಬಂತು. ನಗುತ್ತಿದ್ದಾಗಲೇ ಒಳಮನೆಯಿಂದ ಮಾವನವರ ಪೂಜೆಯ ಗಂಟೆ ಕೇಳಿಸಿತು. ಮಾವ ಶಾಂತಲಿಂಗಪ್ಪನವರು ವಿಭೂತಿ ಕೆಳಗೆ ಉದುರಿದರೆ ಬೆರಳಿನಿಂದ ಎತ್ತಿ ಕಣ್ಣಿಗೆ ಒತ್ತಿಕೊಳ್ಳುವ ಜಾತಿ. ಇದನ್ನು ಅವರ ಮುಂದೆ ಆಡಬೇಡ ಎಂದು ಆಯಿಗೆ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಕೂಸು ಅತ್ತಿತು, ಮಾತು ಅಲ್ಲಿಗೇ ಉಳಿಯಿತು.

ಗುರುಬಾಯಿ ಎದ್ದು ನಿಂತು ಕೊನೆಯದೊಂದು ಹೇಳಿದಳು. ಆ ಸಿನಿಮಾ ಮರುವರ್ಷ ಅಕ್ಕಲಕೋಟಕ್ಕೆ, ಡೇರೆಯ ಟಾಕೀಸಿಗೆ ಬಂದಿತ್ತು. ಗಂಡಹೆಂಡಿರು ಬಸ್ಸು ಹತ್ತಿ ಹೋಗಿ ನೋಡಿದ್ದರು. ಕೈ ಬಂದ ಕೂಡಲೇ ಸಿದ್ಧರಾಮ ಗಂಡಸರ ಕಡೆಯಿಂದ ಎದ್ದು ನಿಂತು "ಅದು ನಮ್ಮನಿಯಾಕಿ ಕೈ!" ಎಂದು ಕೂಗಿದ್ದ. ಹಿಂದಿನಿಂದ ಯಾರೋ "ಹೌದಪಾ, ಸಿನಿಮಾದಾಗಿನ ಮೋಟಾರು ನಮ್ಮಪ್ಪಂದು, ಕುಂಡ್ರು!" ಅಂದಿದ್ದರು. ಇಡೀ ಡೇರೆ ನಕ್ಕಿತ್ತು. "ಅಂವ ಸಾಯೂತನಾ ಹೇಳಕೋತ ತಿರಗಿದ. ಒಬ್ಬರೂ ನಂಬಲಿಲ್ಲ. ಈಗ ನೋಡು, ಎಲ್ಲಾರೂ ನಂಬಾಕತ್ತಾರ" ಎಂದಳು. ನಗು ಆ ಮಾತಿನ ನಡುವೆಯೇ ಎಲ್ಲೋ ಇಂಗಿಹೋಯಿತು.

ಅಂದು ಸಂಜೆ ಕೂಸು ಮೂರು ಸಲ ವಾಂತಿ ಮಾಡಿಕೊಂಡಿತು.

ಒಡೆದ ಹಾಲು ಹೆಗಲ ಮೇಲಿಂದ ಇಳಿದಾಗ ಸ್ನೇಹಲಳ ಕಣ್ಣ ಮುಂದೆ ಬಂದದ್ದು ಗ್ಲಾಸು, ಬೆರಳು, ಬಿಳಿ ಪುಡಿ. ಛೀ ಎಂದು ತನಗೆ ತಾನೇ ಅಂದುಕೊಂಡಳು. ಅದು ಚಹಾ, ವಿಭೂತಿ, ಚಾದರ, ಎಲ್ಲಾ ಗೊತ್ತು. ಗೊತ್ತಿದ್ದದ್ದು ತಲೆಯಲ್ಲಿತ್ತು. ಹೆದರಿಕೆ ಹೊಟ್ಟೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಗುರುಬಾಯಿ ಎಂದಿನಂತೆ ಬಂದಳು. ವಾಂತಿಯ ಮಾತನ್ನು ಸ್ನೇಹಲ ಎತ್ತಲಿಲ್ಲ. ಕೂಸನ್ನು ಕೊಟ್ಟಳು. ಬಾಗಿಲು ಮುಚ್ಚಿತು. ಅವಳು ಅಡುಗೆಮನೆಗೆ ಹೋದಳು, ಹಾಲಿನ ಪಾತ್ರೆ ಸುಮ್ಮನೆ ಅತ್ತಿತ್ತ ಇಟ್ಟಳು, ಮರಳಿ ಬಂದಳು. ಬಚ್ಚಲ ಬಾಗಿಲಿನ ಹಲಗೆಗಳ ನಡುವೆ ಬೆರಳಗಲದ ಸಂದು. ಹಾದುಹೋಗುವವಳ ಹಾಗೆ ನಿಂತು, ಆ ಸಂದಿಗೆ ಕಣ್ಣು ಹಚ್ಚಿದಳು.

ಗುರುಬಾಯಿ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಉಜ್ಜಿ ಬೆಚ್ಚಗೆ ಮಾಡಿ ಕೂಸಿನ ಬೆನ್ನಿಗೆ ಇಳಿಸುತ್ತಿದ್ದಳು. ನೀರಿಗೆ ಮೊಣಕೈ ತಾಗಿಸಿ ನೋಡುವಳು, ಸಾಲದೆಂದು ತುಟಿಗೂ ತಾಗಿಸಿ ನೋಡುವಳು. ಕೂಸು ಹೂಂಗುಡುತ್ತಿತ್ತು. ಎಲ್ಲ ಸರಿಯಾಗೇ ಇತ್ತು. ಆಮೇಲೆ ಹೊರಬಾಗಿಲಿನ ಬೆಳಕು ಸಂದಿನಿಂದ ಬಚ್ಚಲ ಗೋಡೆಯ ಮೇಲೆ ಒಂದು ಗೆರೆಯಾಗಿ ಬೀಳುತ್ತದೆಂಬುದು ಸ್ನೇಹಲಳಿಗೆ ಹೊಳೆಯಿತು. ತಾನು ನಿಂತದ್ದರಿಂದ ಆ ಗೆರೆ ಅಳಿಸಿತ್ತು. ಗುರುಬಾಯಿ ಗೋಡೆಯನ್ನೇ ನೋಡುತ್ತಿದ್ದಳು. ತಿರುಗಲಿಲ್ಲ. ತಂಬಿಗೆ ಹಿಡಿದ ಕೈ ಮಾತ್ರ, ಒಂದೇ ಸಲಕ್ಕಾಗುವಷ್ಟು ರೀಲಿದ್ದಾಗಲೂ ಅಲುಗಾಡದ ಕೈ, ಸಣ್ಣಗೆ ನಡುಗತೊಡಗಿತು.

ಅಂದು ಹಣೆಗೆ ವಿಭೂತಿ ಇಟ್ಟು ಗುರುಬಾಯಿ ಕೂಸನ್ನು ಕೊಟ್ಟಳು. "ಇವತ್ತ ಗುಟ್ಟಿ ಬ್ಯಾಡ ಆಯಿ, ಡಾಕ್ಟರ ಕಡೆ ಹೋಗೂದದ" ಎಂದು ಸ್ನೇಹಲ ಅಂದಾಗ "ಹೂಂ" ಎಂದಳಷ್ಟೇ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ತೂಕ ನೋಡಿ, ಹೆದರುವಂಥದ್ದೇನಿಲ್ಲ ಅಂದರು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುತ್ತೀರೋ ಇಲ್ಲವೋ ಎಂದು ಕೇಳಿದರು. ಪಕ್ಕದಲ್ಲಿ ಅತ್ತೆ ಪಾರ್ವತಿಬಾಯಿ ಕೂತಿದ್ದರು. ಸ್ನೇಹಲ "ದಿನಾ ಬರಸ್ತೀನಿ" ಅಂದಳು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಗುಟ್ಟಿಯೂ ಬೇಡ ಎಂದು ಡಾಕ್ಟರು ಚೀಟಿಯಲ್ಲಿ ಬರೆದರು.

ಮನೆಗೆ ಬರುವಾಗ ನೀಲಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಅಲ್ಲಿಯವರೆಗೆ ಪಾರ್ವತಿಬಾಯಿಗೆ ಆ ತುಣುಕಿನ ಸುದ್ದಿ ಗೊತ್ತಿರಲಿಲ್ಲ. ಅವರದು ಒತ್ತುವ ಗುಂಡಿಯ ಫೋನು. ಐದು ನಿಮಿಷದಲ್ಲಿ ಎಲ್ಲ ಗೊತ್ತಾಯಿತು. ಡಾಕ್ಟರು ಗುಟ್ಟಿಗೆ ಹೇಳಿದ ಮಾತು ಸಂಜೆಯ ಹೊತ್ತಿಗೆ ಗುರುಬಾಯಿಯ ಕೈಗೆ ಹೇಳಿದ ಮಾತಾಗಿತ್ತು.

ಗುರುವಾರ ಬೆಳಿಗ್ಗೆ ಗುರುಬಾಯಿ ಹೊಸ್ತಿಲಿಗೆ ಬಂದಾಗ ಪಾರ್ವತಿಬಾಯಿ ಅಡ್ಡ ನಿಂತರು.

"ಅಲ್ಲೇ ನಿಂದ್ರು ಗುರುಬಾಯಿ. ಕೂಸಿಗೆ ಮೊನ್ನೆ ಮೂರ ಸಲ ವಾಂತಿ ಆಗ್ಯಾವ. ಡಾಕ್ಟರು ಗುಟ್ಟಿ ಬ್ಯಾಡ ಅಂದಾರ."

"ಬ್ಯಾಡಂದ್ರ ಬ್ಯಾಡ ಬಿಡ್ರಿ ವೈನಿ. ಅವರು ಕಲತಾವ್ರು. ನಾ ಬರೇ ಎರದು ಹೋಗ್ತೀನಿ."

"ಎರಿಯೂದೂ ಬ್ಯಾಡ."

ಪಡಸಾಲೆಯಲ್ಲಿ ಪೂಜೆ ಮುಗಿಸಿ ಕೂತಿದ್ದ ಶಾಂತಲಿಂಗಪ್ಪನವರು ತಲೆ ಎತ್ತಿದರು. "ಯಾಕ? ಡಾಕ್ಟರು ಹಂಗ ಅಂದಾರೇನು?"

"ನಿಮಗೇನ ಗೊತ್ತದ? ಆ ಕೈ ವಿಷಾ ಹಾಕೂದು ಓಣಿ ತುಂಬ ನೋಡಾಕತ್ತಾರ!"

"ಸಿನಿಮಾದಾಗ ಸತ್ತಾಂವ ಸಂಜೀಕ ಎದ್ದು ಚಹಾ ಕುಡೀತಾನ, ಪಾರ್ವತಿ. ನಾನೂ ಗಣಪತಿ ನಾಟಕದಾಗ ಕಳ್ಳನ ಪಾರ್ಟು ಮಾಡೀನಿ. ಅದನ್ನ ಕೇಳಿ ನಿಮ್ಮಪ್ಪ ನಿನ್ನ ಕೊಡೂದು ಬಿಟ್ಟನೇನು?"

"ಬಿಟ್ಟಿದ್ರ ಚೊಲೊ ಇರ್ತಿತ್ತು" ಎಂದು ಪಾರ್ವತಿಬಾಯಿ ಗೊಣಗಿದರು. ಆದರೆ ಬಾಗಿಲಿಗೆ ಅಡ್ಡ ಹಿಡಿದ ಕೈ ಕೆಳಗೆ ಇಳಿಯಿತು. ಕೂಸನ್ನು ಎತ್ತಿಕೊಂಡು ನಿಂತಿದ್ದ ಸ್ನೇಹಲಳ ಜೀವ ತಿರುಗಿ ಬಂತು. ಇನ್ನೇನು ಜಗಳ ಮುಗಿದಂತೆಯೇ.

ಗುರುಬಾಯಿಗೂ ಹಾಗೇ ಅನಿಸಿರಬೇಕು. ನಾಲ್ಕು ದಿನದಿಂದ ಕಟ್ಟಿದ್ದ ಉಸಿರು ಒಮ್ಮೆಲೇ ಬಿಟ್ಟಳು. "ಖರೇ ಅಂದ್ರಿ ಸಾವಕಾರ. ಮತ್ತ..."

ಸ್ನೇಹಲ ಕಣ್ಣು ಅಗಲಿಸಿದಳು. ತಲೆ ಅಲ್ಲಾಡಿಸಿದಳು. ಗುರುಬಾಯಿ ಅವಳತ್ತ ನೋಡಲೇ ಇಲ್ಲ.

"...ಮತ್ತ ಅದು ವಿಷಾನೂ ಅಲ್ರಿ. ನಮ್ಮ ವಿಭೂತಿ!"

ಶಾಂತಲಿಂಗಪ್ಪನವರ ಹಣೆಯ ಮೂರು ಬಿಳಿ ಗೆರೆಗಳು ಒಂದಕ್ಕೊಂದು ಹತ್ತಿರವಾದವು. "ಏನಂದಿ?"

"ಹೂಂನ್ರಿ. ಸೆರಗಿನ್ಯಾಗಿಂದು. ಇವತ್ತೂ ಅದೇ ಮಠದ್ದು ತರ್ತೀನಿ."

"ಶೆರೆ ಗ್ಲಾಸಿನ್ಯಾಗ ವಿಭೂತಿ ಹಾಕಿದಿ?"

"ಶೆರೆ ಅಲ್ರಿ, ಚಹಾ..."

"ನೋಡಾವ್ರಿಗೆ ಏನಂತ ತೋರಿಸಿದ್ರು?"

ಗುರುಬಾಯಿ ಬಾಯಿ ತೆರೆದಳು. "ಶೆರೆ ಅಂತ" ಎಂದಳು, ಸಣ್ಣ ದನಿಯಲ್ಲಿ.

"ಕುಣ್ಯಾವ್ರ ನಡುವ. ಕೊಲಿ ಮಾಡಾಕ. ವಿಭೂತಿ." ಒಂದೊಂದು ಮಾತನ್ನೂ ಅವರು ಭಾರದ ಕಲ್ಲು ಇಟ್ಟಂತೆ ಇಟ್ಟರು. "ವಿಷಾ ಹಾಕಿದ್ದಿದ್ರ ನಾ ಏನೂ ಅಂತಿದ್ದಿಲ್ಲ." ಎದ್ದು ಒಳಗೆ ಹೋದರು. ಪಾರ್ವತಿಬಾಯಿಯ ಕೈ ಮತ್ತೆ ಬಾಗಿಲಿಗೆ ಏರಿತು.

ಗುರುಬಾಯಿ ಮೆಟ್ಟಿಲಿಳಿದು ಹೋಗುವಾಗ ಬಲಗೈಯನ್ನು ಸೆರಗಿನೊಳಗೆ ಹಾಕಿಕೊಂಡಿದ್ದಳು.

ಶುಕ್ರವಾರ ಪಾರ್ವತಿಬಾಯಿ ತಾವೇ ಎರೆಯಲು ಕೂತರು. ಮಂಡಿ ಮಡಚಲಾಗದೆ ಸ್ಟೂಲಿನ ಮೇಲೆ ಕೂತರು. ಸ್ಟೂಲಿನಿಂದ ಕೂಸಿನವರೆಗೆ ಕೈ ನಿಲುಕಲಿಲ್ಲ. ನೀರು ಬಿಸಿಯಾಯಿತು, ಆಮೇಲೆ ತಣ್ಣಗಾಯಿತು. ಎಣ್ಣೆಯ ಮೈ ಒಮ್ಮೆ ಕೈಯಿಂದ ಜಾರಿ ಸ್ನೇಹಲಳ ಮಡಿಲಿಗೆ ಬಿತ್ತು. ಕೂಸು ಉಸಿರು ಕಟ್ಟಿ ನೀಲಿಯಾಗುವಂತೆ ಅತ್ತು, ಎರಡು ತಾಸು ಸುಮ್ಮನಾಗಲಿಲ್ಲ.

ಕೂಸು ಮಲಗಿದ ಮೇಲೆ ಸ್ನೇಹಲ ತನ್ನ ವಹಿ ತೆಗೆದಳು. ಮೊದಲ ಬಾಣಂತನದಿಂದಲೂ ಅವಳಿಗೆ ಅದೊಂದು ರೂಢಿ: ಕೂಸು ಎಷ್ಟಕ್ಕೆ ಹಾಲು ಕುಡಿಯಿತು, ಎಷ್ಟಕ್ಕೆ ಮಲಗಿತು, ಯಾವಾಗ ಮೊದಲ ಸಲ ನಕ್ಕಿತು, ಎಲ್ಲ ಬರೆದಿಡುವುದು. ಮಂಗಳವಾರದ ಹಾಳೆ ನೋಡಿದಳು. ಗುಟ್ಟಿ ಬೆಳಿಗ್ಗೆ ಒಂಬತ್ತಕ್ಕೆ. ಹನ್ನೊಂದಕ್ಕೆ, ಎರಡಕ್ಕೆ ಹಾಲು, ವಾಂತಿ ಇಲ್ಲ. ನಾಲ್ಕೂವರೆಗೆ ಹಾಲು. ಐದಕ್ಕೆ ಮೊದಲ ವಾಂತಿ.

ನಾಲ್ಕೂವರೆಗೆ ತಾನು ಏನು ಮಾಡುತ್ತಿದ್ದೆ ಎಂಬುದನ್ನು ವಹಿ ಹೇಳುತ್ತಿರಲಿಲ್ಲ. ಅದು ಅವಳಿಗೇ ಗೊತ್ತಿತ್ತು. ಒಂದು ತೋಳಿನಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮೊಬೈಲು. 'ರಾತ್ ಕಾ ಸಾತವಾ ಪ್ಯಾಲಾ' ಪೂರ್ತಿ ಹಚ್ಚಿದ್ದಳು. ಎಡಗಡೆ ಮೇಜಿನಲ್ಲಿ ಮೀಸೆಯಿದ್ದವನೇ ಬಲಗಡೆ ಮೇಜಿನಲ್ಲಿ ಮೀಸೆಯಿಲ್ಲದೆ ಕೂತದ್ದನ್ನು ಕಂಡು ನಕ್ಕಿದ್ದಳು. ಹೀರೋಯಿನ್ನಿನ ಕೈಮೇಲೆ ಬೇರೆ ಯಾವ ದೃಶ್ಯದಲ್ಲೂ ಚೇಳಿಲ್ಲದ್ದನ್ನು, ಪೊಲೀಸರೂ ಅದನ್ನು ಗಮನಿಸದ್ದನ್ನು ನೋಡಿದ್ದಳು. ಕೊಲೆಗಾತಿ ಸಿಕ್ಕಿಬೀಳುತ್ತಾಳೋ ಇಲ್ಲವೋ ಎಂದು ಮೈಮರೆತು, ಕೂಸು ಮೊಲೆ ಬಿಟ್ಟ ಕೂಡಲೇ ಹಾಗೇ ತೊಟ್ಟಿಲಿಗೆ ಹಾಕಿದ್ದಳು. ಹೆಗಲಿಗೆ ಹಾಕಿರಲಿಲ್ಲ. ತೇಗು ಬರಿಸಿರಲಿಲ್ಲ.

ಇದನ್ನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅತ್ತೆ ಜನ್ಮಪೂರ್ತಿ ಆಡಿ ತೋರಿಸುತ್ತಾರೆ. ಊಟದ ಹೊತ್ತಿಗೆ ಅವಳು ಮಾವನವರ ತಾಟಿಗೆ ಕಡಕ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ, ಅಲ್ಲೇ ನಿಂತಳು.

"ಅತ್ತಿ, ನಾ ಡಾಕ್ಟರ ಮುಂದ ಸುಳ್ಳ ಹೇಳ್ದೆ. ಮಂಗಳವಾರ ಡೇಕರ ಬರಸಲಿಲ್ಲ. ಆ ಸಿನಿಮಾ ನೋಡಕೋತ ಕುಂತಿದ್ದೆ. ವಾಂತಿ ಆಗಿದ್ದು ನನ್ನ ಕೈಯಿಂದ, ಆಯಿ ಕೈಯಿಂದ ಅಲ್ಲ."

ಪಾರ್ವತಿಬಾಯಿ ಅವಳನ್ನು ದಿಟ್ಟಿಸಿದರು. "ಹಡದ ತಾಯಿ! ಮೊಬೈಲ ಹಿಡಕೊಂಡು!"

"ಹೂಂ ಅತ್ತಿ."

"ಸಿನಿಮಾ! ಕೂಸು ಮಡಲಾಗ ಇಟಗೊಂಡು!"

"ಹೂಂ ಅತ್ತಿ. ತಪ್ಪಾತು. ಆದ್ರ ನಾಳೆ ಯಾರ ಎರೀತಾರ?"

ಪಾರ್ವತಿಬಾಯಿ ಸೆರಗಿನ ಮರೆಯಲ್ಲಿ ಮಂಡಿ ತಿಕ್ಕಿಕೊಂಡರು. ಶಾಂತಲಿಂಗಪ್ಪನವರು ರೊಟ್ಟಿ ಮುರಿದು ಮುರಿದು ಸಣ್ಣ ಚೂರು ಮಾಡುತ್ತಿದ್ದರು, ಬಾಯಿಗೆ ಹಾಕುತ್ತಿರಲಿಲ್ಲ. "ಆ ಗ್ಲಾಸಿಗೆ ವಿಭೂತಿನೇ ಯಾಕ ಹಾಕಿದ್ಳಂತ, ಹೇಳಿದ್ಳೇನು ನಿನ್ನ ಮುಂದ?" ಎಂದು ಕೇಳಿದರು.

"ಹೂಂನ್ರಿ ಮಾವಾ. ಕುಡ್ಯಾಂವಗ ನಾಕ ದಿನದಿಂದ ಹೊಟ್ಟಿ ಕೆಟ್ಟಿತ್ತಂತ, ಹೊಟ್ಟ್ಯಾಗ ಹೋದ್ರ ಚೊಲೋದೇ ಅಂತ ಹಾಕಿದ್ಳಂತ."

"ಆಮ್ಯಾಲ?"

ಅದು ಸ್ನೇಹಲಳಿಗೂ ಗೊತ್ತಿರಲಿಲ್ಲ.

"ಕೇಳು" ಎಂದರು. ಚೂರೊಂದನ್ನು ಬಾಯಿಗೆ ಹಾಕಿಕೊಂಡರು. "ಮತ್ತ ನಾಳೆ ಎಂಟಕ್ಕ ಬಾ ಅನ್ನು. ಬರೂಮುಂದ ಆ ಕೈಗೆ ಮೂರ ಬಟ್ಟು ವಿಭೂತಿ ಹಚಗೊಂಡು ಬಾ ಅನ್ನು. ನಾ ಅಂದೆ ಅಂತ ಹೇಳು."

ಗುರುಬಾಯಿಯ ಕೋಣೆ ಓಣಿಯ ಹಿಂದೆ, ಮಗ್ಗದ ಷೆಡ್ಡಿನ ಗೋಡೆಗೆ ಹತ್ತಿಕೊಂಡು ಇತ್ತು. ಸಾಲೆ ಬಿಟ್ಟು ಬಂದ ಸ್ವರಾಲಿಯ ಕೈ ಹಿಡಿದು ಸ್ನೇಹಲ ಅಲ್ಲಿಗೆ ಹೋದಾಗ ಅವಳು ನೆಲದ ಮೇಲೆ ಕೂತಿದ್ದಳು. ಬಲಗೈ ಮಣಿಕಟ್ಟಿಗೆ ಹಳೆಯ ಸೀರೆಯ ಒಂದು ಪಟ್ಟಿ ಬಿಗಿದಿತ್ತು, ಗಾಯಕ್ಕೆ ಕಟ್ಟಿದ ಹಾಗೆ. ಮುಂದೆ ಒಂದು ಚೀಲದಲ್ಲಿ ಎರಡು ಸೀರೆ, ಸಾಣೆಕಲ್ಲು. ಕಂದಲಗಾಂವದ ಮಗಳ ಮನೆಗೆ ಹೋಗಬೇಕೆಂದು ಕಟ್ಟಿಟ್ಟದ್ದು.

ಸ್ನೇಹಲ ಎಲ್ಲವನ್ನೂ ಹೇಳಿದಳು. ತೇಗಿನ ಮಾತನ್ನೂ, ಅತ್ತೆ ಬೈದದ್ದನ್ನೂ, ಮಾವ ಅಂದದ್ದನ್ನೂ. ಗುರುಬಾಯಿ ಕೇಳುತ್ತ ಕೂತಳು. ನಡುವೆ ಸ್ವರಾಲಿಯೇ ಮುಂದೆ ಹೋಗಿ ಅವಳ ಮೊಣಕಾಲು ಹಿಡಿದು ನಿಂತಳು.

"ಆಯಿ, ಆ ಕೋಟಿನ ಕಾಕಾ ಎಲ್ಲಿ ಹ್ವಾದ?"

"ಅಂವನಾ?" ಗುರುಬಾಯಿಯ ಮುಖದಲ್ಲಿ ಹಳೆಯದೇನೋ ಒಂದಿಷ್ಟು ಮಿಂಚಿತು. "ಮರದಿನ ಮುಂಜಾನೆ ಹೊಟ್ಟಿ ನೆಟ್ಟಗಾತು ಬಾಯಿ ಅಂತ ಬಂದು, ನನ್ನ ಕೈಲೆ ಮೂರು ರೊಟ್ಟಿ ತಿಂದು, ಮುಂಬೈ ಗಾಡಿ ಹತ್ತಿ ಹ್ವಾದ ನೋಡು."

ಸ್ವರಾಲಿಗೆ ಅಷ್ಟು ಸಾಕಾಯಿತು. ಅಂಗಳದಲ್ಲಿ ಕೋಳಿ ಅಟ್ಟಲು ಓಡಿದಳು.

ಸ್ನೇಹಲ ಬಾಗಿ ಆ ಪಟ್ಟಿಯ ಗಂಟು ಬಿಚ್ಚಿದಳು. ಗುರುಬಾಯಿ ಬಿಡಿಸಿಕೊಳ್ಳಲಿಲ್ಲ. ಬಟ್ಟೆ ಬಿಗಿದ ಕಡೆ ಚರ್ಮ ಸುಕ್ಕಾಗಿ ಬಿಳಿಚಿತ್ತು, ನಡುವೆ ಅರ್ಧ ಬಾಲದ ಚೇಳು. "ಮುಕ್ತಾಬಾಯಿ ಕರದಾಳೇನು?" ಎಂದು ಗುರುಬಾಯಿ ಕೇಳಿದಳು.

"ಇಲ್ಲ ಆಯಿ. ನಾವಷ್ಟೇ."

"ಹೂಂ." ಗುರುಬಾಯಿ ಚೀಲದಿಂದ ಸಾಣೆಕಲ್ಲು ತೆಗೆದು ಮೂಲೆಗೆ ಇಟ್ಟಳು. "ಬರ್ತೀನಿ ತಂಗಿ. ಎಂಟಕ್ಕ ಬರ್ತೀನಿ. ಸಾವಕಾರ ಹೇಳಿದಂಗ ಹಚಗೊಂಡೇ ಬರ್ತೀನಿ. ಆದ್ರ ನೀ ನನಗೊಂದ ಉಪಕಾರ ಮಾಡಬೇಕು."

"ಹೇಳು ಆಯಿ."

"ನಾಳಿಂದ ಬಚ್ಚಲ ಬಾಗಲಾ ಹಾಕಬ್ಯಾಡ. ಗಾಳಿ ಬಂದ್ರ ಬರ್ಲಿ, ನಾ ಅಡ್ಡ ಕುಂಡರ್ತೀನಿ. ಒಂದ ಮಣಿ ತಂದು ನನ್ನ ಎದುರಿಗೆ ಕುಂಡ್ರು, ಎಣ್ಣಿ ಹಚ್ಚೂದರಿಂದ ಹಿಡದು ಧೋತರ ಸುತ್ತೂತನಾ ನನ್ನ ಕೈ ನೋಡು. ಕಣ್ಣ ತಾಕಿದ್ರ ನಾ ತಗೀತೀನಿ. ಸಂದ್ಯಾಗಿಂದ ಮಾತ್ರ ನೋಡಬ್ಯಾಡವ್ವಾ."